ಎಡಕ್ಕೆ ತಿರುಚಿದ ಗಂಟು

ಅಕ್ಕ ಹೋದ ಮೇಲೂ ಅವಳ ಕಟಿಂಗ್ ಪ್ಲೇಯರು, ಅವಳು ಗುಜರಿಯಿಂದ ಕಟ್ಟುತ್ತಿದ್ದ ನೀರುಕಾಗೆಯ ರೆಕ್ಕೆಯ ಸಂದಿಯಲ್ಲಿ ಬಾಯಿ ತೆರೆದುಕೊಂಡು ಹಾಗೇ ಸಿಕ್ಕಿಕೊಂಡಿತ್ತು. ತಂತಿಯನ್ನು ಅರ್ಧಕ್ಕೆ ತಿರುಚಿ ಬಿಟ್ಟಿದ್ದಳು. "ಯಾಕೋ ತಲೆ ಸಿಡೀತಿದೆ, ಒಂದು ಗಳಿಗೆ ಅಡ್ಡಾಗಿ ಬರ್ತೀನಿ, ಯಾರೂ ಮುಟ್ಟಬೇಡಿ" ಎಂದು ಒಳಗೆ ಹೋದವಳು ಮತ್ತೆ ಎದ್ದು ಬರಲಿಲ್ಲ. ಮಿದುಳಿನ ನರ ಒಡೆದಿದೆ ಎಂದು ಡಾಕ್ಟರು ಹೇಳುವ ಹೊತ್ತಿಗೆ, ಮಾಡುವಂಥದ್ದು ಏನೂ ಉಳಿದಿರಲಿಲ್ಲ. ಮನೆಯಲ್ಲಿ ಉಳಿದವರು ಇಬ್ಬರು, ಅಮ್ಮ ಮತ್ತು ತಂಗಿ. ಮನೆಗೆ ಅಂಟಿಕೊಂಡ ಶೆಡ್ಡಿನಲ್ಲಿ ಉಳಿದದ್ದು ಮುಕ್ಕಾಲು ಹಕ್ಕಿ.

ಶೆಡ್ಡು ಅಪ್ಪನದು. ಅಪ್ಪ ಬದುಕಿದ್ದಾಗ ಅಲ್ಲಿ ಸೈಕಲ್ ರಿಪೇರಿ ನಡೆಯುತ್ತಿತ್ತು. ಅವರು ಕೈ ಒರೆಸುತ್ತಿದ್ದ ಜಾಗದಲ್ಲಿ ಗೋಡೆ ಇನ್ನೂ ಗ್ರೀಸಿನಿಂದ ಕಪ್ಪಗಿತ್ತು. ಅವರ ನಂತರ ಅದು ಅಕ್ಕನ ರಾಜ್ಯವಾಯಿತು. ಊರವರು ಬಿಸಾಡಿದ್ದೆಲ್ಲ ಅಲ್ಲಿಗೆ ಬಂದು ಸೇರುತ್ತಿತ್ತು, ಅಲ್ಲಿಂದ ಮೀನಾಗಿಯೋ ಆಮೆಯಾಗಿಯೋ ಹೊರಗೆ ಹೋಗುತ್ತಿತ್ತು. ಒಮ್ಮೆ ಸವೆದ ಹಲ್ಲುಜ್ಜುವ ಬ್ರಷ್ಷುಗಳಿಂದಲೇ ಒಂದು ಮುಳ್ಳುಹಂದಿ ಮಾಡಿ ಮಕ್ಕಳ ಆಸ್ಪತ್ರೆಯ ಬಾಗಿಲಲ್ಲಿ ನಿಲ್ಲಿಸಿದ್ದಳು. "ಮನೆ ಗುಡಿಸಿ ಕಸ ಹೊರಗೆ ಹಾಕೋರನ್ನ ಕಂಡಿದ್ದೀನಿ. ಊರು ಗುಡಿಸಿ ಕಸ ಮನೆಗೆ ತರೋಳನ್ನ ಹಡೆದಿದ್ದು ನಾನೊಬ್ಬಳೇ" ಎನ್ನುತ್ತಿದ್ದಳು ಅಮ್ಮ. ಬಂದವರ ಮುಂದೆಲ್ಲ ಹೇಳುತ್ತಿದ್ದಳು. ಹೇಳುವಾಗ ಮುಖ ಬೈಯುತ್ತಿತ್ತು, ದನಿ ಮಾತ್ರ ಬೀಗುತ್ತಿತ್ತು.

ನೀರುಕಾಗೆಯ ಕಥೆ ಶುರುವಾದದ್ದು ಊರ ಕೆರೆಯ ಹೂಳೆತ್ತಿದಾಗ. ಕೆರೆಯ ಹೊಟ್ಟೆಯಿಂದ ಹೊರಬಿದ್ದ ವಸ್ತುಗಳು ಏರಿಯ ಮೇಲೆ ಗುಡ್ಡದಂತೆ ಬಿದ್ದಿದ್ದವು: ಕಡ್ಡಿ ಮುರಿದ ಛತ್ರಿಗಳು, ಒಂಟಿ ಚಪ್ಪಲಿಗಳು, ಸೊಟ್ಟಗಾದ ಸೈಕಲ್ ರಿಮ್ಮುಗಳು, ಕುಕ್ಕರಿನ ರಬ್ಬರ್ ಬಳೆಗಳು, ತಂತಿಯ ಸುರುಳಿಗಳು. ಅಕ್ಕ ಹೋಗಿ ನಗರಸಭೆಯ ಉದ್ಯಾನ ವಿಭಾಗದ ಸಾಹೇಬರನ್ನು ಕಂಡಳು. "ಇದನ್ನೆಲ್ಲ ನನಗೆ ಕೊಡಿ ಸಾರ್. ಕೆರೆಯಿಂದ ತೆಗೆದದ್ದರಲ್ಲೇ, ಬೇರೆ ಒಂದು ಮೊಳೆಯನ್ನೂ ಸೇರಿಸದೆ, ಕೆರೆಗೆ ಬರೋದು ನಿಲ್ಲಿಸಿರೋ ಹಕ್ಕೀನ ಮಾಡಿಕೊಡ್ತೀನಿ" ಎಂದಳು. ಸಾಹೇಬರಿಗೆ ಗುಡ್ಡ ಕರಗಿದರೆ ಸಾಕಾಗಿತ್ತು, ಒಪ್ಪಿದರು.

ನೀರುಕಾಗೆ ಮುಳುಗಿ ಮೀನು ಹಿಡಿಯುವ ಹಕ್ಕಿ. ಆದರೆ ಅದರ ರೆಕ್ಕೆ ನೀರು ತಡೆಯುವುದಿಲ್ಲ, ತೊಯ್ದು ತೊಪ್ಪೆಯಾಗುತ್ತದೆ. ಹಾಗಾಗಿ ಮೇಲೆ ಬಂದ ಮೇಲೆ ಎರಡೂ ರೆಕ್ಕೆ ಅಗಲಿಸಿ ಬಿಸಿಲಿಗೆ ಹಿಡಿದು ನಿಲ್ಲುತ್ತದೆ. ಅಕ್ಕ ಅದನ್ನು ಆ ಭಂಗಿಯಲ್ಲೇ ನಿಲ್ಲಿಸಿದ್ದಳು, ಎರಡಾಳೆತ್ತರಕ್ಕೆ. ಮೈಗೆ ಸೈಕಲ್ ರಿಮ್ಮುಗಳು, ಕತ್ತಿಗೆ ಕುಕ್ಕರ್ ಬಳೆಗಳು, ಜಾಲಪಾದಕ್ಕೆ ಚಪ್ಪಲಿಯ ಅಟ್ಟೆ, ಕೊಕ್ಕಿಗೆ ಮಡ್‌ಗಾರ್ಡು. ರೆಕ್ಕೆಗೆ ಮಾತ್ರ ಬರೀ ಛತ್ರಿ. "ನೆನೆಯೋ ಹಕ್ಕಿಗೆ ಛತ್ರಿ ರೆಕ್ಕೆ! ಹೇಗಿದೆ ನನ್ನ ತಲೆ?" ಎಂದು ತಂಗಿಯನ್ನು ಕೇಳಿದ್ದಳು. ಆ ತಲೆಯೇ ಕೈಕೊಟ್ಟಿತು.

ಅಕ್ಕನ ಕೆಲಸದಲ್ಲಿ ಒಂದು ಕಟ್ಟುಪಾಡಿತ್ತು. ಬೆಸುಗೆ ಹಾಕಬಾರದು, ಅಂಟು ಹಚ್ಚಬಾರದು, ತಂತಿಯಿಂದ ಕಟ್ಟಬೇಕು ಅಷ್ಟೇ. ತಂತಿಯ ಎರಡು ತುದಿ ಸೇರಿಸಿ ಪ್ಲೇಯರಿನಲ್ಲಿ ಹಿಡಿದು ತಿರುಚಿ, ಮೊನೆಯನ್ನು ಒಳಕ್ಕೆ ಮಡಚುವುದು. ಅದಕ್ಕೆ ಅವಳು ಗಂಟು ಎನ್ನುತ್ತಿದ್ದಳು. ಪಕ್ಕದ ಶೆಡ್ಡಿನ ವೆಲ್ಡರ್‌ಗೆ ಇದರ ಮೇಲೆ ತೀರದ ಸಿಟ್ಟು. ಬೀದಿಯವರೆಲ್ಲ ಕಿಡಿ ಮಾವ ಎಂದು ಕರೆಯುತ್ತಿದ್ದ ಅವನು ಅಪ್ಪನ ಗೆಳೆಯ. ಸಂಬಂಧವಿಲ್ಲದಿದ್ದರೂ ಸಲಿಗೆಯಿಂದ ಮಾವನಾದವನು.

"ಬೆಸುಗೆಯ ಎರಡು ಟಾಕಾ ಹೊಡೆದರೆ ಮುಗೀತು, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಅಲ್ಲಾಡಲ್ಲ. ಇದೇನಮ್ಮ, ಹೂವು ಕಟ್ಟಿದ ಹಾಗೆ ಕಬ್ಬಿಣ ಕಟ್ತೀಯ?"

"ಅಲ್ಲಾಡದೆ ಇರೋದೇ ಬೇಡ ಮಾವ. ಕಟ್ಟಿದ್ದನ್ನ ಒಂದು ದಿನ ಬಿಚ್ಚಬಹುದು. ಸುಟ್ಟಿದ್ದನ್ನ ಬಿಚ್ಚಕ್ಕಾಗುತ್ತಾ? ಹಕ್ಕಿಯ ಕೆಲಸ ಮುಗಿದ ಮೇಲೆ ಛತ್ರಿ ಛತ್ರಿಯಾಗಬೇಕು, ರಿಮ್ಮು ರಿಮ್ಮಾಗಬೇಕು. ನಾವೇನು ಇವಕ್ಕೆ ಯಜಮಾನರಾ?"

"ನಿಮ್ಮಪ್ಪನೂ ಹೀಗೇ. ಪಂಕ್ಚರ್ ಹಾಕೋಕೆ ಮುಂಚೆ ಟ್ಯೂಬಿಗೆ ಕ್ಷಮೆ ಕೇಳೋನು" ಎಂದು ಮಾವ ಗೊಣಗಿಕೊಂಡು ಹೋಗುತ್ತಿದ್ದ.

ಅಕ್ಕ ಎಡಚಿ. ಚಿಕ್ಕಂದಿನಲ್ಲಿ ಆ ಎಡಗೈಯನ್ನು ತಿದ್ದಲು ಅಮ್ಮ ಪಟ್ಟ ಪಾಡು ಅಷ್ಟಿಷ್ಟಲ್ಲ. ಬರೆಯಲು ಕೂತಾಗ ಎಡಗೈಗೆ ಕಾಲುಚೀಲ ತೊಡಿಸಿ ಕಟ್ಟುತ್ತಿದ್ದಳು. ಹುಡುಗಿ ಹಲ್ಲಿನಿಂದ ಕಾಲುಚೀಲ ಎಳೆದು ಹಾಕಿ ಮತ್ತೆ ಎಡಗೈಯಲ್ಲೇ ಪೆನ್ಸಿಲ್ ಹಿಡಿಯುತ್ತಿತ್ತು. ಕೊನೆಗೆ ಸೋತವಳು ಅಮ್ಮ. ಸೋತ ಮೇಲೆ 'ಎಡಚಿ' ಎಂಬ ಬೈಗುಳವೇ ಮುದ್ದಿನ ಹೆಸರಾಯಿತು. ಎಡಗೈಯವಳಾದ್ದರಿಂದ ಅಕ್ಕನ ಗಂಟುಗಳೂ ಎಡಕ್ಕೆ ತಿರುಗಿರುತ್ತಿದ್ದವು. ಬೇರೆ ಯಾರು ತಂತಿ ತಿರುಚಿದರೂ ಎಳೆಗಳು ಒಂದು ಕಡೆಗೆ ವಾಲುತ್ತವೆ, ಇವಳವು ಇನ್ನೊಂದು ಕಡೆಗೆ. ಕಣ್ಣಿಗೆ ಅಷ್ಟಾಗಿ ಕಾಣದ ವ್ಯತ್ಯಾಸ ಅದು. ಬೆರಳಿಗೆ ತಕ್ಷಣ ಗೊತ್ತಾಗುತ್ತದೆ.

ತಂಗಿಗೆ ಬೀದಿಯಲ್ಲಿ 'ಬಾಲ' ಎಂದು ಹೆಸರು. ಅಕ್ಕ ಹೋದಲ್ಲೆಲ್ಲ ಹಿಂದೆ ಹಿಂದೆ ಹೋಗುತ್ತಿದ್ದುದಕ್ಕೆ ಬಂದದ್ದು. ಅಕ್ಕ ಮಾತಾಡುವುದು, ಬಾಲ ತಲೆಯಾಡಿಸುವುದು. ಅಕ್ಕ ಏಣಿ ಹತ್ತುವುದು, ಬಾಲ ಏಣಿ ಹಿಡಿದುಕೊಳ್ಳುವುದು. ಡಿಗ್ರಿ ಮುಗಿಸಿ ಕನ್ನಡಕದ ಅಂಗಡಿಯೊಂದರಲ್ಲಿ ಹಗಲು ಹೊತ್ತು ಬಿಲ್ಲು ಬರೆಯುವ ಕೆಲಸಕ್ಕೆ ಸೇರಿದ್ದಳು. ಅಲ್ಲಿ ಮಾತಿಗಿಂತ ಗಾಜು ಒರೆಸುವುದೇ ಹೆಚ್ಚು ಎಂಬುದೇ ಅವಳಿಗೆ ಆ ಕೆಲಸದಲ್ಲಿ ಕಂಡ ಭಾಗ್ಯ. ಅಕ್ಕ ಇಲ್ಲದ ಮನೆಯಲ್ಲಿ, ಹಿಡಿಯಲು ಏಣಿಯೇ ಇಲ್ಲದ ಹಾಗೆ ಕೈ ಚೆಲ್ಲಿ ನಿಂತಳು.

ಉದ್ಯಾನದ ಸಾಹೇಬರು ಬಂದು ಹೋದ ದಿನವೇ ಅವಳು ಪ್ಲೇಯರನ್ನು ಕೈಗೆತ್ತಿಕೊಂಡದ್ದು.

"ಅಮ್ಮಾವ್ರೇ, ನಿಮ್ಮ ದುಃಖದಲ್ಲಿ ಕೇಳಬಾರದು. ಆದರೆ ಕೆರೆ ಹತ್ತಿರ ಕಟ್ಟೆ ಸಿದ್ಧ ಆಗಿದೆ. ಮಳೆ ಹಿಡಿಯೋದ್ರೊಳಗೆ ನಿಲ್ಲಿಸಿಬಿಡಬೇಕು. ಉಳಿದಿದ್ದನ್ನ ನಮ್ಮ ಕಡೆಯ ವೆಲ್ಡರ್‌ಗಳ ಕೈಲಿ ಮುಗಿಸ್ಲಾ?"

ಅಮ್ಮ ಹೊಲಿಗೆ ಮಿಷನ್ ಮುಂದೆ ಕೂತಿದ್ದಳು. ತಲೆ ಎತ್ತಲಿಲ್ಲ. ಉತ್ತರ ಬಂದದ್ದು ಬಾಗಿಲ ಮರೆಯಿಂದ.

"ಬೇಡ ಸಾರ್. ನಾನು ಕಟ್ಟಿ ಮುಗಿಸ್ತೀನಿ."

ಈ ಹುಡುಗಿಗೆ ಬಾಯಿದೆ ಎಂಬುದು ಸಾಹೇಬರಿಗೆ ಆವತ್ತೇ ತಿಳಿದದ್ದು.

ಸಂಜೆ ಅಂಗಡಿಯಿಂದ ಬಂದವಳೇ ಶೆಡ್ಡಿಗೆ ಹೋಗುತ್ತಿದ್ದಳು. ಉಳಿದಿದ್ದದ್ದು ಬಲ ರೆಕ್ಕೆಯ ಹೊರ ಅಂಚು, ಬೆನ್ನಿನ ಹಿಂಭಾಗ, ಬಾಲದ ಗರಿಗಳು, ಮತ್ತು ಕಣ್ಣು. ಕಣ್ಣಿಗೆಂದು ಅಕ್ಕ ಹೂಳಿನಲ್ಲಿ ಸಿಕ್ಕ ಎರಡು ಹಸಿರು ಗಾಜಿನ ಗುಂಡಿಗಳನ್ನು ತೊಳೆದು, ಕಿಟಕಿಯ ಮೇಲೆ ಇಟ್ಟಿದ್ದಳು. ಯಾರದೋ ಕೋಟಿನವು. ನೀರುಕಾಗೆಯ ಕಣ್ಣು ಹಸಿರು. ಕಣ್ಣು ಕೊನೆಗೆ, ಕೆರೆಯ ಹತ್ತಿರವೇ ಕಟ್ಟಬೇಕು, ಅದು ಮೊದಲು ನೀರನ್ನೇ ನೋಡಬೇಕು ಎಂದಿದ್ದಳು ಅಕ್ಕ.

ತಂಗಿ ಛತ್ರಿಯ ಕಡ್ಡಿಗಳನ್ನು ಒಂದೊಂದಾಗಿ ಜೋಡಿಸಿ ಗಂಟು ಹಾಕಿದಳು. ಬಲಗೈಯವಳ ಗಂಟು, ಬಲಕ್ಕೆ ತಿರುಗಿತು. ಮೊದಲ ಸಂಜೆ ಒಂದು ಸಾಲು ಮುಗಿಸಿ ಮಲಗಿದಳು. ಮರುದಿನ ಅಂಗಡಿಯಿಂದ ಬಂದು ನೋಡಿದರೆ ಆ ಸಾಲಿನ ಕಡ್ಡಿಗಳೆಲ್ಲ ನೆಲದ ಮೇಲೆ ಬಿದ್ದಿದ್ದವು.

ತಾನು ಬಿಗಿಯಾಗಿ ಕಟ್ಟಲಿಲ್ಲ ಎಂದುಕೊಂಡಳು. ಮತ್ತೆ ಕಟ್ಟಿದಳು, ಅಂಗೈ ಕೆಂಪಾಗುವಷ್ಟು ಬಿಗಿದಳು. ಮರುದಿನ ಮತ್ತೆ ಅದೇ ಕಥೆ. ಅಕ್ಕ ಕಟ್ಟಿದ ಕಡೆ ಒಂದು ಎಳೆಯೂ ಬಿಚ್ಚಿಕೊಂಡಿರಲಿಲ್ಲ. ತಾನು ಕಟ್ಟಿದ ಕಡೆ ಒಂದೂ ನಿಂತಿರಲಿಲ್ಲ. ಬಿದ್ದ ತಂತಿಗಳನ್ನು ಅವಳು ಸರಿಯಾಗಿ ನೋಡಿದ್ದರೆ ಅವು ತುಂಡಾಗಿಲ್ಲ, ನೆಟ್ಟಗೆ ನೀವಿದ ಹಾಗೆ ಇವೆ ಎಂಬುದು ಕಾಣಿಸುತ್ತಿತ್ತು. ಆದರೆ ತನ್ನ ಮೇಲೇ ನಂಬಿಕೆ ಇಲ್ಲದವರು ತಪ್ಪು ಎಲ್ಲಿದೆ ಎಂದು ಬೇರೆ ಕಡೆ ಹುಡುಕುವುದಿಲ್ಲ.

"ಏನೇ ಬಾಲ, ನೀನು ಸಂಜೆ ಕಟ್ಟೋದು, ಅದು ಬೆಳಿಗ್ಗೆ ಬಿಚ್ಚಿಕೊಳ್ಳೋದು! ಹಕ್ಕಿಗೂ ನಿನಗೂ ಜಗಳವಾ?" ಕಿಡಿ ಮಾವ ಬಾಗಿಲಲ್ಲಿ ನಿಂತು ನಕ್ಕ. ಅವಳು ನಗದಿದ್ದುದನ್ನು ನೋಡಿ ದನಿ ಇಳಿಸಿದ. "ನೋಡು ಮಗಾ, ಅವಳ ಕೈಗುಣ ಅವಳ ಜೊತೆ ಹೋಯ್ತು. ನೀನು ಹೂಂ ಅನ್ನು, ನಾನು ಟಾಕಾ ಹೊಡೆದು ಕೊಡ್ತೀನಿ. ಮೇಲೆ ತಂತಿ ಸುತ್ತಿಬಿಡು. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ ಮಾವ."

"ಅಕ್ಕನ ಚಾಳಿ ಮನೆಮಂದಿಗೆಲ್ಲ ಅನ್ನೋದು ಸುಳ್ಳಲ್ಲ ನೋಡು" ಎಂದು ಮಾವ ಹೋದ. ತಮಾಷೆಗೆಂದು ಅಂದ ಆ ಮಾತು ಅವಳ ತಲೆಯಲ್ಲಿ ಕೂತುಬಿಟ್ಟಿತು. ಚಾಳಿ ಬಂದಿದ್ದರೆ ತಾನೆ! ಹಕ್ಕಿಯ ಮೈಯೆಲ್ಲ ಎಡಕ್ಕೆ ತಿರುಚಿಕೊಂಡು ನಿಂತಿದೆ. ಅದರ ಮೇಲೆ ತಾನು ಬಲಕ್ಕೆ ಎಳೆದರೆ ನಿಲ್ಲುವುದಾದರೂ ಹೇಗೆ? ಒಂದು ಎಳೆತ ಇನ್ನೊಂದನ್ನು ಬಿಚ್ಚುತ್ತಿದೆ. ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲಿಲ್ಲವಲ್ಲ!

ಆ ಲೆಕ್ಕ ತಪ್ಪು. ಒಬ್ಬ ಎಡಚಿಯ ಜೊತೆ ಒಂದೇ ಹಾಸಿಗೆಯಲ್ಲಿ ಮೊಣಕೈ ತಿವಿಸಿಕೊಂಡು ಬೆಳೆದವಳಿಗೆ ಮಾತ್ರ ಹೊಳೆಯಬಹುದಾದ ತಪ್ಪು.

ಅವಳು ಎಡಗೈ ಕಲಿತಳು. ಯಾರಿಗೂ ಹೇಳಲಿಲ್ಲ. ಊಟದ ತಟ್ಟೆಯ ಪಕ್ಕ ಚಮಚವನ್ನು ಎಡಗಡೆ ಇಟ್ಟುಕೊಂಡಳು. ಅಂಗಡಿಯಲ್ಲಿ ಕನ್ನಡಕಗಳನ್ನು ಎಡಗೈಯಲ್ಲಿ ಒರೆಸಿದಳು. ಬಸ್ಸಿನಲ್ಲಿ ಕೂತು ಜಡೆಪಿನ್ನಿಗೆ ತಂತಿಯ ತುಂಡು ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ ಹೆಬ್ಬೆರಳ ಬುಡದಲ್ಲಿ ಬೊಕ್ಕೆ ಎಬ್ಬಿಸಿಕೊಂಡಳು. ಮೊದಮೊದಲು ಪ್ಲೇಯರು ಕೈಯಿಂದ ಜಾರಿ ಕಾಲ ಮೇಲೆ ಬೀಳುತ್ತಿತ್ತು. ಆಮೇಲೆ ಒಂದು ಸಂಜೆ, ಯಾವಾಗ ಎಂದು ಅವಳಿಗೇ ತಿಳಿಯದ ಹಾಗೆ, ಮಣಿಕಟ್ಟು ತಾನಾಗಿ ಎಡಕ್ಕೆ ತಿರುಗಿತು. ತಂತಿ ಗರಗರ ಸುತ್ತಿಕೊಂಡಿತು. ಮೊನೆ ಒಳಕ್ಕೆ ಮಡಚಿಕೊಂಡಿತು. ಅಕ್ಕನ ಗಂಟಿನ ಪಕ್ಕ ತನ್ನ ಗಂಟು. ಕಣ್ಣು ಮುಚ್ಚಿ ಎರಡನ್ನೂ ಸವರಿ ನೋಡಿದಳು. ಯಾವುದು ಯಾವುದೆಂದು ಗೊತ್ತಾಗಲಿಲ್ಲ.

ಅಕ್ಕ ಹೋದ ಮೇಲೆ ಅವಳ ಮುಖದಲ್ಲಿ ನಗು ಬಂದದ್ದು ಆವತ್ತೇ.

ಬಲಕ್ಕೆ ತಿರುಗಿದ್ದನ್ನೆಲ್ಲ ತಾನೇ ಬಿಚ್ಚಿ ಎಡಕ್ಕೆ ಕಟ್ಟಿದಳು. ಅಷ್ಟಕ್ಕೇ ಬಿಡಲಿಲ್ಲ. ಅಕ್ಕ ಕಟ್ಟಿದ ಭಾಗದಲ್ಲೂ ತುಕ್ಕು ಹಿಡಿದ, ಸೊರಗಿದ ಗಂಟುಗಳಿದ್ದವು. ಅವನ್ನೂ ತೆಗೆದು ಹೊಸದಾಗಿ ಹಾಕಿದಳು. ಕೆಲವು ಕಡೆ ಅಕ್ಕನದರ ಪಕ್ಕದಲ್ಲೇ ಗಟ್ಟಿಯಾಗಿರಲಿ ಎಂದು ಇನ್ನೊಂದನ್ನು ಕಟ್ಟಿದಳು. ರಿಮ್ಮು, ಕತ್ತು, ಪಾದ, ಎಲ್ಲೆಂದರಲ್ಲಿ. ಮರುದಿನ ಬಂದು ನೋಡಿದರೆ ಒಂದೂ ಬಿಚ್ಚಿರಲಿಲ್ಲ. ಅದರ ಮರುದಿನವೂ ಅಷ್ಟೇ. ಕಿಡಿ ಮಾವ ಬಂದು ರೆಕ್ಕೆ ಹಿಡಿದು ಜಗ್ಗಿ ನೋಡಿ, "ಅಬ್ಬಾ! ನಿನ್ನ ಹೊಟ್ಟೆಯೊಳಗೆ ಅವಳು ಕೂತಿದ್ದಾಳೆ ಕಣೇ" ಎಂದ. ಅದಕ್ಕಿಂತ ದೊಡ್ಡ ಹೊಗಳಿಕೆ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ.

ಅಮ್ಮನ ಕಡೆ ಅವಳು ನೋಡಲಿಲ್ಲ. ನೋಡಿದ್ದರೂ ಏನು ಕಾಣುತ್ತಿತ್ತೋ. ಅಮ್ಮ ಮೊದಲಿನಂತೆಯೇ ಮಿಷನ್ ಮುಂದೆ ಕೂತಿರುತ್ತಿದ್ದಳು. ಅವಳದು ಹೊಸ ಬಟ್ಟೆ ಹೊಲಿಯುವ ಕೆಲಸವಲ್ಲ, ಹಳೆಯದನ್ನು ಬಿಚ್ಚಿ ಸರಿಮಾಡುವ ಕೆಲಸ. ಉದ್ದದ ಪ್ಯಾಂಟು ಮೋಟು ಮಾಡುವುದು, ಬಿಗಿಯಾದ ಅಂಗಿ ಸಡಿಲ ಮಾಡುವುದು. ಬಟ್ಟೆ ಹರಿಯದೆ, ದಾರ ತುಂಡಾಗದೆ ಹೊಲಿಗೆ ಬಿಚ್ಚುವುದರಲ್ಲಿ ಆ ಬೀದಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಎರಡು ಕಣ್ಣಿಗೂ ಪೊರೆ ಬಂದು ಈಚೆಗೆ ಎಲ್ಲ ಮಂಜು ಮಂಜು. ಹೊಲಿಗೆಯನ್ನು ಬೆರಳ ತುದಿಯಿಂದಲೇ ಓದುತ್ತಿದ್ದಳು.

ಒಂದು ದಿನ ಕರೆಂಟಿಲ್ಲ ಎಂದು ಕನ್ನಡಕದ ಅಂಗಡಿ ಬೇಗ ಮುಚ್ಚಿತು. ತಂಗಿ ಊಟದ ಹೊತ್ತಿಗೇ ಮನೆಗೆ ಬಂದಳು. ಮಿಷನ್ ಮುಂದೆ ಕುರ್ಚಿ ಖಾಲಿ. ಅರ್ಧ ಬಿಚ್ಚಿದ ಪ್ಯಾಂಟಿನ ಕಾಲು ನೇತಾಡುತ್ತಿತ್ತು. ಶೆಡ್ಡಿನ ಬಾಗಿಲು ಓರೆಯಾಗಿತ್ತು. ಒಳಗಿನಿಂದ ಅಮ್ಮನ ದನಿ ಕೇಳಿಸಿತು. ಯಾರ ಜೊತೆಗೋ ಮಾತಾಡುತ್ತಿದ್ದಳು.

"ಎಲ್ಲೇ ಇದೀಯ... ನಿನ್ನೆ ಇಲ್ಲಿದ್ದೆ... ಇಲ್ಲೇ ಇದ್ದೆಯಲ್ಲೇ..."

ಹಕ್ಕಿಯ ಎದೆಯ ಹತ್ತಿರ ಅಮ್ಮ ನಿಂತಿದ್ದಳು. ಎಡಗೈ ಬೆರಳುಗಳು ಒಂದು ಗಂಟಿನಿಂದ ಇನ್ನೊಂದಕ್ಕೆ ಹೋಗುತ್ತಿದ್ದವು, ನಿಲ್ಲುತ್ತಿದ್ದವು, ಹಿಂದಕ್ಕೆ ಬರುತ್ತಿದ್ದವು, ಕತ್ತಲೆಯ ಮನೆಯಲ್ಲಿ ಸ್ವಿಚ್ಚು ತಡಕಾಡಿದ ಹಾಗೆ. ಬಲಗೈಯಲ್ಲಿ ಅಕ್ಕನ ಪ್ಲೇಯರಿತ್ತು.

ನೆಟ್ಟಗಾದ ತಂತಿಗಳು, ಬಿದ್ದ ಕಡ್ಡಿಗಳು, ಎಲ್ಲ ತಂಗಿಗೆ ಒಮ್ಮೆಲೇ ಅರ್ಥವಾಯಿತು. ದಾರ ತುಂಡಾಗದೆ ಬಿಚ್ಚುವ ಕೈ ಈ ಮನೆಯಲ್ಲಿ ಇನ್ನಾರದ್ದು?

"ಅಮ್ಮಾ! ನೀನಾ ಬಿಚ್ಚುತ್ತಿದ್ದಿದ್ದು?"

ಅಮ್ಮ ಬೆಚ್ಚಲಿಲ್ಲ. ತಿರುಗಲೂ ಇಲ್ಲ.

"ಹೂಂ. ನಾನೇ."

"ಯಾಕಮ್ಮ? ನಾನು ಎಷ್ಟು... ನನ್ನ ಕೈ ನೋಡು, ಹೇಗಾಗಿದೆ ನೋಡು. ನನ್ನ ಕೈಲಿ ಆಗಲ್ಲ ಅಂತ ನಾನು ಎಷ್ಟು ಅತ್ತಿದ್ದೀನಿ ಗೊತ್ತಾ ನಿನಗೆ?"

"ಮುಗಿದರೆ ತಗೊಂಡು ಹೋಗ್ತಾರಲ್ಲೇ" ಎಂದಳು ಅಮ್ಮ. ಮಗುವಿಗೆ ವಿವರಿಸುವಂತಹ ದನಿ. "ಅರ್ಧ ಇದ್ದರೆ ಇಲ್ಲೇ ಇರುತ್ತೆ. ನೀನು ಅಂಗಡಿಗೆ ಹೋದ ಮೇಲೆ ದಿನಾ ಬರ್ತೀನಿ. ಅವಳ ಗಂಟುಗಳನ್ನ ಒಂದೊಂದಾಗಿ ಮುಟ್ಟುತೀನಿ. ಕಾಲಿಂದ ಶುರು ಮಾಡಿ ಕೈಗೆ ಎಟುಕೋ ತನಕ. ಇದು ಜ್ವರ ಬಂದಿದ್ದಾಗ ಕಟ್ಟಿದ್ದು, ಸಡಿಲ. ಇದು ನನ್ನ ಮೇಲೆ ಸಿಟ್ಟು ಬಂದಾಗ ಕಟ್ಟಿದ್ದು, ಎರಡು ಸುತ್ತು ಜಾಸ್ತಿ. ಫೋಟೋ ನನಗೆ ಕಾಣಲ್ಲ ಕಣೇ. ನನಗೆ ಇದೇ ಫೋಟೋ."

"ಹಾಗಾದರೆ ಬಿಚ್ಚಿದ್ದು?"

"ಬಿಚ್ಚಿದ್ದು ನಿನ್ನವು ಮಾತ್ರ. ಅವಳದನ್ನ ಮುಟ್ಟಿಲ್ಲ."

ತಂಗಿ ಬಾಗಿಲಿಗೆ ಒರಗಿದಳು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗುವುದು ಅವಳ ಹುಟ್ಟುಗುಣ. ಈ ಸಲ ನುಂಗಲಾಗಲಿಲ್ಲ.

"ನಂದಾದರೆ ಬಿಚ್ಚಬಹುದು, ಅಲ್ವಾ ಅಮ್ಮ?"

ಅಮ್ಮನ ಬೆರಳು ನಿಂತಿತು.

"ಒಂದು ದಿನ ಬಂದೆ" ಎಂದಳು ಅಮ್ಮ. "ನಿನ್ನ ಗಂಟು ಹುಡುಕಿದೆ, ಬಿಚ್ಚೋಕೆ. ಒಂದೂ ಇಲ್ಲ. ಎಲ್ಲಾ ಎಡಕ್ಕೆ. ನನಗೇನನ್ನಿಸ್ತು ಗೊತ್ತಾ? ಬಂದಿದ್ದಾಳೆ ಅನ್ನಿಸ್ತು. ನಾನು ಇಲ್ಲದಾಗ ಬಂದು ಕಟ್ಟಿ ಹೋಗಿದ್ದಾಳೆ ಅಂತ. ಇಲ್ಲೇ ಕೂತುಬಿಟ್ಟೆ. ಊಟ ಮಾಡಲಿಲ್ಲ, ಎದ್ದು ಹೋದರೆ ತಪ್ಪಿಹೋಗ್ತಾಳೆ ಅಂತ. ಆಮೇಲೆ ನೀನು ಬಂದೆ. ಚಹಾದ ಲೋಟ ಎಡಗೈಯಲ್ಲಿ ಕೊಟ್ಟೆ ನನಗೆ."

ತಂಗಿ ತನ್ನ ಎಡಗೈಯನ್ನು ನೋಡಿಕೊಂಡಳು.

"ನೀನೇ ಅಂತ ಗೊತ್ತಾಯ್ತು. ಆಯ್ತು ಬಿಡು, ಹುಡುಗಿ ಕಲಿತಿದ್ದಾಳೆ ಅಂದುಕೊಂಡೆ. ನಿನ್ನವನ್ನ ಬಿಟ್ಟು ಅವಳವನ್ನ ಮುಟ್ಟೋಣ ಅಂತ ಬಂದರೆ..." ಅಮ್ಮ ಅಂಗೈಯನ್ನು ಹಕ್ಕಿಯ ಎದೆಯ ಮೇಲೆ ಅಗಲವಾಗಿ ಇಟ್ಟಳು. "ಯಾವುದೇ ಅವಳದು? ಜ್ವರದ್ದು ಎಲ್ಲಿ? ಸಿಟ್ಟಿನದು ಎಲ್ಲಿ? ನಿನಗೆ ಕಣ್ಣಿದೆಯಲ್ಲ, ನೋಡಿ ಹೇಳು. ಒಂದು ತೋರಿಸು ಸಾಕು."

ತಂಗಿ ಓಡಿ ಬಂದು ಬಗ್ಗಿ ನೋಡಿದಳು. ಇದು ಇರಬಹುದು. ಅಲ್ಲ, ಇದರ ಪಕ್ಕದ್ದು ಇರಬಹುದು. ಇಲ್ಲಿ ತುಕ್ಕಾಗಿತ್ತು ಎಂದು ತೆಗೆದು ಹಾಕಿದ್ದೆ, ಅಥವಾ ಅದು ಕೆಳಗಿನದೋ? ಹಳೆಯ ತಂತಿಯನ್ನೇ ಎಲ್ಲಕ್ಕೂ ಬಳಸಿದ್ದರಿಂದ ತಂತಿಯ ಬಣ್ಣವೂ ಗುಟ್ಟು ಬಿಟ್ಟುಕೊಡಲಿಲ್ಲ. ಸಡಿಲವಾಗಿದ್ದನ್ನೆಲ್ಲ ಅವಳೇ ಬಿಗಿದಿದ್ದಳು. ಹೆಚ್ಚಿನ ಸುತ್ತುಗಳನ್ನೆಲ್ಲ ಅವಳೇ ಕತ್ತರಿಸಿ ಸಮ ಮಾಡಿದ್ದಳು. ಅಕ್ಕನ ಹಾಗೆ ಆಗಬೇಕು ಎಂದು ಹಟ ಹಿಡಿದು, ಅಕ್ಕನಾಗಿ ಉಳಿದಿದ್ದ ಅಷ್ಟನ್ನೂ ಒರೆಸಿ ಹಾಕಿದ್ದಳು. ಮೊಣಕಾಲೂರಿ ಕೂತು ಪಾದದ ಚಪ್ಪಲಿ ಅಟ್ಟೆಗಳ ಸಂದಿಯಲ್ಲೂ ಹುಡುಕಿದಳು.

"ಅಮ್ಮ, ನನಗೆ ಗೊತ್ತಾಗ್ತಿಲ್ಲ."

ಅಮ್ಮ ಹಕ್ಕಿಯ ಎದೆಯಿಂದ ಕೈ ತೆಗೆದಳು. ಬೈದಿದ್ದರೆ ಚೆನ್ನಾಗಿತ್ತು. ಪ್ಲೇಯರನ್ನು ಮಗಳ ಕೈಗೆ ಕೊಟ್ಟು, ಗೋಡೆ ಸವರಿಕೊಂಡು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಮಿಷನ್ನಿನ ಸದ್ದು ಶುರುವಾಯಿತು. ಸೂಜಿಗೆ ದಾರ ಪೋಣಿಸದೆಯೇ ತುಳಿಯುತ್ತಿದ್ದಾಳೆ ಎಂಬುದು ಆ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು.

ಆಮೇಲೆ ಅಮ್ಮ ಒಂದು ಗಂಟನ್ನೂ ಬಿಚ್ಚಲಿಲ್ಲ. ಬಿಚ್ಚುವಂತೆಯೇ ಇರಲಿಲ್ಲ. ಪ್ರತಿಯೊಂದೂ ಅಕ್ಕನದಾಗಿರಬಹುದಿತ್ತು. ಹಕ್ಕಿಯನ್ನು ಮನೆಯಲ್ಲಿ ಉಳಿಸಿಕೊಳ್ಳಲು ಅಮ್ಮನಿಗಿದ್ದ ಒಂದೇ ಒಂದು ದಾರಿಯನ್ನು ಮಗಳು ತಿಳಿಯದೆ ಮುಚ್ಚಿದ್ದಳು. ಹಕ್ಕಿ ಮುಗಿಯಿತು.

"ಕೊಡೋದು ಬೇಡ ಅಮ್ಮ" ಎಂದಳು ತಂಗಿ, ಲಾರಿ ಬರುವ ಹಿಂದಿನ ಸಂಜೆ. "ಸಾಹೇಬರಿಗೆ ನಾನೇ ಹೇಳ್ತೀನಿ. ಇಲ್ಲೇ ಇರಲಿ."

"ನೀನು ಹೇಳ್ತೀಯಾ? ಬಸ್ಸಲ್ಲಿ ಇಳೀಬೇಕು ಅಂತ ಹೇಳಕ್ಕೂ ಮುಂದಿನ ಸ್ಟಾಪ್ ತನಕ ಕಾಯೋಳು." ಬಹಳ ದಿನದ ಮೇಲೆ ಅಮ್ಮನ ದನಿಯಲ್ಲಿ ಹಳೆಯ ಕುಟುಕು ಕೇಳಿಸಿತು. ಆಮೇಲೆ ಮೆತ್ತಗಾಯಿತು. "ಬೇಡ ಕಣೇ. ಕೆರೆಗೆ ಅಂತ ಮಾಡಿದ್ದಳು. ನಾನು ಅವಳ ಕೈಗೆ ಕಾಲುಚೀಲ ಕಟ್ಟಿದ್ದೆ, ಆವಾಗಲೇ ನಿಲ್ಲಲಿಲ್ಲ. ಈಗ ಹಿಡಿದರೆ ನಿಲ್ತಾಳಾ? ಹೋಗಲಿ."

ಕೆರೆಯ ಏರಿಯ ಮೇಲೆ ಕಟ್ಟೆ. ಕಟ್ಟೆಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ನಿಂತಿತು. ಸಾಹೇಬರು ನಾಲ್ಕು ಮಾತಾಡಿದರು. ಒಂದು ಹಾರೈಕೆ, ಒಂದು ಸಂತಾಪ, ಕೆರೆಯ ಸ್ವಚ್ಛತೆಯ ಬಗ್ಗೆ ಎರಡು. ಬಂದವರು ಚಪ್ಪಾಳೆ ತಟ್ಟಿ ಫೋಟೋ ತೆಗೆದುಕೊಂಡು ಚದುರಿದರು. ನಗರಸಭೆಯವರು 'ದಯವಿಟ್ಟು ಮುಟ್ಟಬೇಡಿ' ಎಂಬ ಬೋರ್ಡನ್ನು ಕಟ್ಟೆಯ ಮುಂದೆ ನೆಟ್ಟರು. ಕಿಡಿ ಮಾವ ಅದನ್ನು ಮೇಲಿಂದ ಕೆಳಗೆ ನೋಡಿ, ತನ್ನ ಅಂಗಿ ಬಿಚ್ಚಿ ಅದರ ಮೇಲೆ ನೇತುಹಾಕಿ, "ಸೆಖೆ" ಎಂದ. ಬನಿಯನ್ನಿನಲ್ಲೇ ಏಣಿ ತಂದು ಹಕ್ಕಿಗೆ ಒರಗಿಸಿದ.

ಕಣ್ಣು ಬಾಕಿ ಇತ್ತು.

ತಂಗಿ ಏಣಿ ಹತ್ತಿದಳು. ಕೆಳಗೆ ಏಣಿ ಹಿಡಿದದ್ದು ಮಾವ. ಒಂದು ಹಸಿರು ಗುಂಡಿಯನ್ನು ಕೆರೆಯ ಕಡೆಗೆ ಇಟ್ಟು, ತಂತಿ ಪೋಣಿಸಿ, ಪ್ಲೇಯರನ್ನು ಎಡಗೈಗೆ ತೆಗೆದುಕೊಂಡಳು. ಎಡಗಣ್ಣು ಮುಗಿಯಿತು. ಬಲಗಣ್ಣಿಗೆ ಕೈ ಹಾಕುವಾಗ ಕೆಳಗಿನಿಂದ ಅಮ್ಮ ಕೂಗಿದಳು.

"ಅದನ್ನ ನಿನ್ನ ಕೈಯಲ್ಲಿ ಕಟ್ಟು."

"ನನ್ನ ಕೈಯಲ್ಲೇ ಕಟ್ತಿದ್ದೀನಮ್ಮ."

"ಅದಲ್ಲ. ನಿನ್ನ ಕೈಯಲ್ಲಿ. ಮೊದಲು ಕಟ್ಟುತಿದ್ದೆಯಲ್ಲ, ಹಾಗೆ. ನಿಂದೂ ಒಂದು ಇರಲಿ ಅದರಲ್ಲಿ."

ತಂಗಿ ಪ್ಲೇಯರನ್ನು ಬಲಗೈಗೆ ಬದಲಾಯಿಸಿದಳು. ಕೈ ತಡವರಿಸಿತು. ಇಷ್ಟು ದಿನ ಬಿಟ್ಟಿದ್ದಕ್ಕೆ ಮುನಿಸಿಕೊಂಡಂತೆ ಮಣಿಕಟ್ಟು ಮೊದಲು ಎಡಕ್ಕೇ ಹೊರಳಿತು. ಬಿಚ್ಚಿ ಮತ್ತೆ ಹಿಡಿದಳು. ಕಣ್ಣು ತುಂಬಿ ಗುಂಡಿ ಎರಡೆರಡಾಗಿ ಕಾಣುತ್ತಿತ್ತು. ನಿಧಾನವಾಗಿ, ಒಂದೊಂದೇ ಸುತ್ತು, ತಂತಿ ಬಲಕ್ಕೆ ತಿರುಗಿತು. ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮೊನೆ ಸ್ವಲ್ಪ ಹೊರಗೇ ಉಳಿಯಿತು.

ಅವಳು ಇಳಿದ ಮೇಲೆ ಅಮ್ಮ ತಾನು ಹತ್ತುತ್ತೇನೆ ಎಂದಳು.

"ಈ ವಯಸ್ಸಲ್ಲಿ ಏಣಿಯಾ? ಬಿದ್ದರೆ ಟಾಕಾ ಹೊಡೆಯೋಕೆ ನನಗೆ ಮೂಳೆ ಬೆಸುಗೆ ಬರಲ್ಲಮ್ಮ" ಎಂದ ಮಾವ. ಅಮ್ಮ ಕೇಳಿಸಿಕೊಳ್ಳಲಿಲ್ಲ. ಒಂದು ಕಡೆ ಮಾವ, ಒಂದು ಕಡೆ ಮಗಳು ಏಣಿ ಹಿಡಿದರು. ಅಮ್ಮ ಒಂದೊಂದೇ ಮೆಟ್ಟಿಲು ತಡಕಿ ಹತ್ತಿದಳು. ಹಕ್ಕಿಯ ಕತ್ತು ಸವರಿದಳು, ಕೊಕ್ಕು ಸವರಿದಳು, ಬಲಗಣ್ಣಿನ ಹತ್ತಿರ ಬಂದಾಗ ಬೆರಳು ಚುರುಕ್ಕೆಂದು ಹಿಂದೆ ಸರಿಯಿತು. ಮೊನೆ ಚುಚ್ಚಿತ್ತು.

"ಇದು ನೀನು" ಎಂದಳು.

ಬೆರಳನ್ನು ಬಾಯಿಗಿಟ್ಟುಕೊಂಡಳು. ಆಮೇಲೆ ಅದೇ ಬೆರಳಿನಿಂದ ಮೊನೆಯನ್ನು ನಿಧಾನವಾಗಿ ಒಳಕ್ಕೆ ಒತ್ತಿ ಮಡಚಿದಳು, ಯಾರ ಅಂಗೈಗೂ ತಾಗದ ಹಾಗೆ. ಅಲ್ಲಿಂದ ಕೈ ಕತ್ತಿಗೆ ಇಳಿಯಿತು, ಎದೆಗೆ ಇಳಿಯಿತು, ಕೈಗೆಟುಕಿದ ಗಂಟುಗಳ ಮೇಲೆಲ್ಲ ಒಂದೊಂದಾಗಿ ಹಾದುಹೋಯಿತು. ಯಾವುದರ ಮೇಲೂ ನಿಲ್ಲಲಿಲ್ಲ, ಯಾವುದನ್ನೂ ಬಿಡಲೂ ಇಲ್ಲ.

ಕೆಳಗೆ ತಂಗಿ ಏಣಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಕೆರೆಯ ಮೇಲಿಂದ ಗಾಳಿ ಬಂತು. ಛತ್ರಿಯ ಬಟ್ಟೆಗಳು ಪಟಪಟನೆ ಬಡಿದುಕೊಂಡವು. ಮೇಲಿನಿಂದ ಅಮ್ಮ ಏನೋ ಅಂದಳು. ಗಾಳಿಯಲ್ಲಿ ಕೇಳಿಸಲಿಲ್ಲ. ತನಗೆ ಹೇಳಿದ್ದಲ್ಲ ಎಂಬುದಷ್ಟೇ ತಂಗಿಗೆ ಗೊತ್ತಾಯಿತು. ಅವಳು ಮತ್ತೆ ಕೇಳಲಿಲ್ಲ.